ಬಾಲಕರನ್ನೇ ಬಳಗವಾಗಿಸಿದ ಸಂತ ಜಾನ್ ಬೋಸ್ಕೊ

ಜನವರಿ 31 ಸಂತ ಜಾನ್ ಬೋಸ್ಕೊ ಅವರ ಹಬ್ಬದ ದಿನ. ಜಗತ್ತು ಅವರನ್ನು ಡಾನ್ ಬೋಸ್ಕೊ ಎಂದೇ ಕರೆಯುತ್ತದೆ. ಡಾನ್ ಎಂಬುದು ಇಟಲಿಯಲ್ಲಿ ಗುರುಗಳ ಹೆಸರಿನ ಹಿಂದೆ ಗೌರವದಿಂದ ಸೇರಿಸುವ ಮಾತು. ಬಡ ಬಾಲಕರ ತಂದೆ, ಶಿಕ್ಷಕ ಮತ್ತು ಮಿತ್ರ ಎಂಬ ನೆಲೆಯಲ್ಲಿ ಈ ಸಂತರನ್ನು ನಾವೆಲ್ಲರೂ ಬಲ್ಲೆವು. ಅವರ ಹೆಸರನ್ನು ಹೊತ್ತ ಶಾಲೆಗಳು, ತರಬೇತಿ ಕೇಂದ್ರಗಳು ನಮ್ಮ ನಾಡಿನಲ್ಲಿಯೂ ಇವೆ. ಆದರೆ ಅವರ ಬದುಕಿನ ಇನ್ನೊಂದು ಮುಖ ನಮ್ಮ ಗಮನಕ್ಕೆ ಬಂದಿರುವುದು ಕಡಿಮೆ. ಕೈಯಲ್ಲಿ ಹಣವಾಗಲಿ, ಹಿಂದೆ ಅಧಿಕಾರದ ಬಲವಾಗಲಿ ಇಲ್ಲದ ಒಬ್ಬ ಹಳ್ಳಿಯ ಗುರು, ಸಂಬಳದ ಆಸೆ ತೋರಿಸದೆ, ಶಿಕ್ಷೆಯ ಭಯ ಹುಟ್ಟಿಸದೆ, ನೂರಾರು ಮಂದಿ ತರುಣರು ತಮ್ಮ ಬಾಳನ್ನೇ ಒಂದು ಕೆಲಸಕ್ಕೆ ಮನಃಪೂರ್ವಕವಾಗಿ ಅರ್ಪಿಸುವಂತೆ ಮಾಡಿದರಲ್ಲ, ಅದು ಹೇಗೆ ಸಾಧ್ಯವಾಯಿತು?

ಈ ಪ್ರಶ್ನೆ ಕೇವಲ ಚರಿತ್ರೆಗೆ ಸೇರಿದ್ದಲ್ಲ. ನಮ್ಮ ಧರ್ಮಕೇಂದ್ರದ ಸಂಘಗಳಲ್ಲಿ ಕೆಲಸಕ್ಕೆ ಯಾರೂ ಮುಂದೆ ಬರುವುದಿಲ್ಲ ಎಂಬ ದೂರನ್ನು ನಾವು ಮತ್ತೆ ಮತ್ತೆ ಕೇಳುತ್ತೇವೆ. ಹೇಳಿದರೆ ಮಾತ್ರ ಮಾಡುತ್ತಾರೆ, ಬೆನ್ನು ತಿರುಗಿಸಿದರೆ ಬಿಟ್ಟುಬಿಡುತ್ತಾರೆ ಎಂದು ಮನೆಯ ಹಿರಿಯರು ಮಕ್ಕಳ ಬಗ್ಗೆ, ಕಚೇರಿಯ ಮೇಲಧಿಕಾರಿಗಳು ಕೈಕೆಳಗಿನವರ ಬಗ್ಗೆ ಗೊಣಗುವುದು ಇದ್ದೇ ಇದೆ. ಹೊರಗಿನ ಒತ್ತಾಯವಿಲ್ಲದೆ ಒಳಗಿನಿಂದಲೇ ಹುಟ್ಟುವ ಆಸಕ್ತಿಗೆ ಅಂತಃಪ್ರೇರಣೆ ಎಂದು ಹೆಸರು. ಅದನ್ನು ಇನ್ನೊಬ್ಬರ ಎದೆಯಲ್ಲಿ ಬಲವಂತದಿಂದ ಬಿತ್ತಲಾಗದು. ಅದು ಮೊಳೆಯುವುದಕ್ಕೆ ಬೇಕಾದ ಮಣ್ಣು, ನೀರು, ಬೆಳಕನ್ನು ಒದಗಿಸಬಹುದು. ಆ ಕೃಷಿಯನ್ನು ಜೀವನವಿಡೀ ಮಾಡಿದವರು ಡಾನ್ ಬೋಸ್ಕೊ.

ಕನಸಿನಲ್ಲಿ ಕಲಿತ ಪಾಠ

ಉತ್ತರ ಇಟಲಿಯ ಪೀಡ್‌ಮಾಂಟ್ ಪ್ರಾಂತ್ಯದ ಬೆಕ್ಕಿ ಎಂಬ ಪುಟ್ಟ ಹಳ್ಳಿಯಲ್ಲಿ 1815ರ ಆಗಸ್ಟ್ 16ರಂದು ಅವರು ಜನಿಸಿದರು. ಎರಡು ವರ್ಷ ತುಂಬುವ ಮೊದಲೇ, 1817ರಲ್ಲಿ, ತಂದೆ ಫ್ರಾನ್ಸಿಸ್ ತೀರಿಕೊಂಡರು. ತಾಯಿ ಮಾರ್ಗರೀತಾ ಅಕ್ಷರ ಬಾರದ ರೈತ ಮಹಿಳೆ. ವಯಸ್ಸಾದ ಅತ್ತೆ, ಗಂಡನ ಮೊದಲ ಹೆಂಡತಿಯ ಮಗ ಆಂತೋನಿಯೊ, ತನ್ನ ಹೊಟ್ಟೆಯಲ್ಲಿ ಹುಟ್ಟಿದ ಜೋಸೆಫ್ ಮತ್ತು ಜಾನ್, ಇಷ್ಟು ಮಂದಿಯ ಭಾರ ಆಕೆಯ ಹೆಗಲ ಮೇಲೆ ಬಿತ್ತು.

ಒಂಬತ್ತು ವರ್ಷದವನಿದ್ದಾಗ ಬಾಲಕ ಜಾನ್ ಒಂದು ಕನಸು ಕಂಡ. ಅಂಗಳದಲ್ಲಿ ಹುಡುಗರ ದೊಡ್ಡ ಗುಂಪು. ಕೆಲವರು ಆಡುತ್ತಿದ್ದರೆ ಹಲವರು ಕೆಟ್ಟ ಮಾತಾಡುತ್ತಿದ್ದರು. ಜಾನ್ ಅವರ ನಡುವೆ ನುಗ್ಗಿ ಮುಷ್ಟಿಯಿಂದ ಗುದ್ದಿ ಸುಮ್ಮನಾಗಿಸಲು ಹೊರಟ. ಆಗ ತೇಜಸ್ವಿಯಾದ ಒಬ್ಬ ಪುರುಷ ಎದುರು ನಿಂತು, ಈ ಹುಡುಗರನ್ನು ಪೆಟ್ಟಿನಿಂದ ಗೆಲ್ಲಲಾಗದು, ಸೌಮ್ಯತೆಯಿಂದ ಮತ್ತು ಪ್ರೀತಿಯಿಂದ ಮಾತ್ರ ಗೆಲ್ಲಬೇಕು ಎಂದು ತಿಳಿಸಿದ. ಈ ಕನಸನ್ನು ಡಾನ್ ಬೋಸ್ಕೊ ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ. ಮುಷ್ಟಿ ಬಿಗಿಯುವ ಸ್ವಭಾವ ಅವರಲ್ಲಿಯೂ ಇತ್ತೆಂಬುದನ್ನು ನಾವು ಗಮನಿಸಬೇಕು. ಸೌಮ್ಯತೆ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ, ಅಭ್ಯಾಸದಿಂದ ಗಳಿಸಿದ್ದು.

ಓದಬೇಕೆಂಬ ಹಂಬಲವಿದ್ದರೂ ಅಣ್ಣ ಆಂತೋನಿಯೊನ ವಿರೋಧದಿಂದಾಗಿ ಜಾನ್ ಮನೆ ಬಿಟ್ಟು ಮೊಲ್ಯಾ ಕುಟುಂಬದ ಹೊಲಮನೆಯಲ್ಲಿ ಜೀತದಾಳಿನಂತೆ ದುಡಿಯಬೇಕಾಯಿತು. ಅಲ್ಲಿಂದ ಮರಳಿದ ಮೇಲೆ, 1829ರಲ್ಲಿ, ಕಲೊಸ್ಸೊ ಎಂಬ ವೃದ್ಧ ಗುರುಗಳು ದಾರಿಯಲ್ಲಿ ಈ ಬಾಲಕನನ್ನು ಮಾತನಾಡಿಸಿ, ಆಗಷ್ಟೇ ಕೇಳಿದ ಪ್ರಸಂಗವನ್ನು ಆತ ತಡೆಯಿಲ್ಲದೆ ಒಪ್ಪಿಸಿದ್ದನ್ನು ಕಂಡು ಬೆರಗಾದರು. ಅವರು ಆತನಿಗೆ ಲ್ಯಾಟಿನ್ ಕಲಿಸಿದರು. ಅದಕ್ಕಿಂತ ಮಿಗಿಲಾಗಿ ತಮ್ಮ ವಿಶ್ವಾಸವನ್ನು ಕೊಟ್ಟರು. ವಯಸ್ಸಿಗೆ ಮೀರಿದ ಒಂದು ತಪಸ್ಸನ್ನು ಆತ ಮಾಡುತ್ತಿದ್ದುದನ್ನು ತಿಳಿದು ನಿಲ್ಲಿಸಿದವರೂ ಅವರೇ. ಮರುವರ್ಷವೇ ಆ ಗುರುಗಳು ತೀರಿಕೊಂಡರು. ಒಬ್ಬ ಹಿರಿಯನ ನಂಬಿಕೆ ಕಿರಿಯನ ಒಳಗೆ ಎಂಥ ಶಕ್ತಿಯನ್ನು ಎಬ್ಬಿಸುತ್ತದೆಂಬುದನ್ನು ಜಾನ್ ಅನುಭವದಿಂದಲೇ ಅರಿತರು. ದಾರಿಯಲ್ಲಿ ಗಂಭೀರವಾಗಿ ಸಾಗಿಹೋಗುತ್ತಿದ್ದ ಇತರ ಗುರುಗಳನ್ನು ಕಂಡಾಗ, ತಾನು ಗುರುವಾದರೆ ಮಕ್ಕಳ ಬಳಿಗೆ ತಾನೇ ಹೋಗುವೆನೆಂದು ಅವರು ಬಾಲ್ಯದಲ್ಲಿಯೇ ನಿಶ್ಚಯಿಸಿದ್ದರು.

ಕಿಯೇರಿ ಪಟ್ಟಣದಲ್ಲಿ ಓದುತ್ತಿದ್ದಾಗ ಸಹಪಾಠಿಗಳನ್ನು ಕೂಡಿಸಿ ಆನಂದ ಸಂಘ ಎಂಬ ಗೆಳೆಯರ ಕೂಟವನ್ನು ಕಟ್ಟಿದರು. ಕ್ರೈಸ್ತನಿಗೆ ತಕ್ಕುದಲ್ಲದ ನಡೆನುಡಿಯನ್ನು ತ್ಯಜಿಸುವುದು, ಓದಿನ ಮತ್ತು ಧರ್ಮದ ಕರ್ತವ್ಯಗಳನ್ನು ಸರಿಯಾಗಿ ನೆರವೇರಿಸುವುದು, ಸದಾ ಉಲ್ಲಾಸದಿಂದಿರುವುದು, ಇವೇ ಅದರ ನಿಯಮಗಳು. ಕಾವಲುಗಾರರಿಲ್ಲದ, ದಂಡವಿಲ್ಲದ ಈ ಕೂಟ ಅವರ ಮುಂದಿನ ಎಲ್ಲ ಕೆಲಸಗಳ ಮೊದಲ ಮಾದರಿಯಾಯಿತು.

ಪೆಟ್ಟು ತಿಂದ ಹುಡುಗ

1841ರ ಜೂನ್ 5ರಂದು ಅವರು ಗುರುದೀಕ್ಷೆ ಪಡೆದರು. ಆಗ ಟ್ಯೂರಿನ್ ನಗರ ವೇಗವಾಗಿ ಬೆಳೆಯುತ್ತಿತ್ತು. ಗಾರೆ ಕೆಲಸಕ್ಕೆ, ಹೊಗೆಗೂಡು ಗುಡಿಸುವುದಕ್ಕೆ, ಕಾರ್ಖಾನೆಗಳಿಗೆ ಹಳ್ಳಿಗಳಿಂದ ಹುಡುಗರು ಬಂದು ಬೀಳುತ್ತಿದ್ದರು. ಹಿರಿಯ ಮಿತ್ರರಾದ ಗುರು ಜೋಸೆಫ್ ಕಫಾಸ್ಸೊ ಅವರೊಂದಿಗೆ ಸೆರೆಮನೆಗಳಿಗೆ ಹೋದಾಗ ಡಾನ್ ಬೋಸ್ಕೊ ಕಂಡ ನೋಟ ಅವರ ನಿದ್ದೆಗೆಡಿಸಿತು. ಬಿಡುಗಡೆಯಾದ ಹುಡುಗರೇ ಮತ್ತೆ ಮತ್ತೆ ಒಳಗೆ ಬರುತ್ತಿದ್ದರು. ಶಿಕ್ಷೆ ಅವರನ್ನು ತಿದ್ದಿರಲಿಲ್ಲ. ಹೊರಗೆ ಅವರಿಗಾಗಿ ಕಾಯುವ ಒಬ್ಬ ಸ್ನೇಹಿತನೂ ಇರಲಿಲ್ಲ.

ಅದೇ ವರ್ಷ ಡಿಸೆಂಬರ್ 8ರಂದು, ಅಮಲೋದ್ಭವ ಮಾತೆಯ ಹಬ್ಬದ ದಿನ, ಅಸ್ಸಿಸಿಯ ಸಂತ ಫ್ರಾನ್ಸಿಸರ ದೇವಾಲಯದಲ್ಲಿ ಅವರು ಬಲಿಪೂಜೆಗೆ ಸಿದ್ಧರಾಗುತ್ತಿದ್ದರು. ಚಳಿಗೆ ಒಳಗೆ ಬಂದಿದ್ದ ಬಾರ್ತಲೊಮಿಯೊ ಗರೆಲ್ಲಿ ಎಂಬ ಅನಾಥ ಹುಡುಗನನ್ನು ಪೂಜೆಗೆ ಸಹಾಯ ಮಾಡುವಂತೆ ದೇವಾಲಯದ ಸೇವಕ ಕೇಳಿದ. ತನಗೆ ಬಾರದೆಂದ ಹುಡುಗನಿಗೆ ಧೂಳು ಹೊಡೆಯುವ ಕೋಲಿನಿಂದ ಬಾರಿಸಿ ಓಡಿಸಿದ. ಡಾನ್ ಬೋಸ್ಕೊ ಆತನನ್ನು ತಮ್ಮ ಸ್ನೇಹಿತನೆಂದು ಹೇಳಿ ಮರಳಿ ಕರೆಸಿದರು. ಹೆಸರು, ಊರು, ಓದು ಎಲ್ಲ ವಿಚಾರಿಸಿದರು. ಹೆಚ್ಚಿನ ಪ್ರಶ್ನೆಗಳಿಗೆ ಇಲ್ಲ ಎಂಬ ಉತ್ತರವೇ ಬಂತು. ಕೊನೆಗೆ ಸಿಳ್ಳೆ ಹಾಕಲು ಬರುತ್ತದೆಯೇ ಎಂದು ಕೇಳಿದರು. ಹುಡುಗ ನಕ್ಕ. ಆ ಸಣ್ಣ ನಗೆಯಿಂದ ಧರ್ಮೋಪದೇಶದ ಮೊದಲ ಪಾಠ ಆರಂಭವಾಯಿತು. ಮುಂದಿನ ಭಾನುವಾರ ಆತ ತನ್ನ ಜೊತೆಗಾರರನ್ನೂ ಕರೆತಂದ.

ಅದೇ ಹುಡುಗ, ಅದೇ ಕೋಣೆ, ಅದೇ ಪೂಜೆ. ಒಬ್ಬ ಹಿರಿಯ ಆತನಿಗೆ ಏನು ಬಾರದೋ ಅದನ್ನು ನೋಡಿದ, ಇನ್ನೊಬ್ಬರು ಏನು ಬಲ್ಲನೋ ಅದನ್ನು ಹುಡುಕಿದರು. ನಾಯಕನ ಮೊದಲ ಕೆಲಸ ಈ ಹುಡುಕಾಟವೇ ಎಂದು ನಮಗೆ ತೋರುತ್ತದೆ.

ಕಳುವಾದ ಕಂಬಳಿಗಳು

ಹುಡುಗರ ಗುಂಪು ಬೆಳೆದಂತೆ ಅವರಿಗೆ ಜಾಗ ಕೊಡುವವರು ಕಡಿಮೆಯಾದರು. ಗದ್ದಲಕ್ಕೆ ಬೇಸತ್ತ ನೆರೆಹೊರೆಯವರು ಒಂದೊಂದೇ ಸ್ಥಳದಿಂದ ಅವರನ್ನು ಎಬ್ಬಿಸಿದರು. ಕೊನೆಗೆ 1846ರ ಏಪ್ರಿಲ್ 12ರ ಪಾಸ್ಕ ಹಬ್ಬದ ದಿನ ವಾಲ್ಡೊಕ್ಕೊ ಎಂಬಲ್ಲಿ ಪಿನಾರ್ದಿ ಎಂಬವರ ತಗ್ಗು ಚಾವಣಿಯ ಕೊಟ್ಟಿಗೆ ಅವರ ಓರೆಟರಿಯಾಯಿತು. ಆಟ, ಪ್ರಾರ್ಥನೆ, ಪಾಠ ಮೂರೂ ಒಂದೇ ಅಂಗಳದಲ್ಲಿ ನಡೆದವು. ಅದೇ ವರ್ಷ ನವೆಂಬರಿನಲ್ಲಿ ತಾಯಿ ಮಾರ್ಗರೀತಾ ತಮ್ಮ ಹಳ್ಳಿಯ ಮನೆಯನ್ನು ಬಿಟ್ಟು ಮಗನ ನೆರವಿಗೆ ಬಂದರು.

ಬೀದಿಯ ಹುಡುಗರಿಗೆ ಮೊದಲು ಹುಲ್ಲಟ್ಟದಲ್ಲಿ ಮಲಗಲು ಜಾಗ ಕೊಟ್ಟಾಗ, ಬೆಳಗಾಗುವಷ್ಟರಲ್ಲಿ ಅತಿಥಿಗಳು ಕಂಬಳಿ, ಹೊದಿಕೆಗಳ ಸಮೇತ ಮಾಯವಾಗಿದ್ದರು. ನಮ್ಮಲ್ಲಿ ಅನೇಕರು ಅಲ್ಲಿಗೇ ಕೈತೊಳೆದುಕೊಳ್ಳುತ್ತಿದ್ದೆವು. ಡಾನ್ ಬೋಸ್ಕೊ ಮತ್ತು ತಾಯಿ, 1847ರ ಒಂದು ಮಳೆಯ ರಾತ್ರಿ ಬಾಗಿಲು ಬಡಿದ ಇನ್ನೊಬ್ಬ ಅನಾಥನಿಗೆ ಮತ್ತೆ ಹಾಸಿಗೆ ಹಾಸಿದರು. ಆ ವಸತಿಗೃಹ ಹುಟ್ಟಿದ್ದು ಹೀಗೆ. 1849ರ ಸುಮಾರಿಗೆ ಡಾನ್ ಬೋಸ್ಕೊ ನಾಲ್ವರು ತರುಣರನ್ನು ಆರಿಸಿ, ಮುಂದೆ ತಮ್ಮ ಸಹಾಯಕರಾಗಲೆಂದು ತಾವೇ ಪಾಠ ಹೇಳಿ ಬೆಳೆಸಿದರು. ಅವರಲ್ಲಿ ಕೊನೆಯವರೆಗೂ ಜೊತೆಗೆ ಉಳಿದವರು ಜೋಸೆಫ್ ಬುಜ್ಜೆತ್ತಿ ಒಬ್ಬರೇ. ವಿಶ್ವಾಸವಿಡುವ ನಾಯಕನು ನಷ್ಟಕ್ಕೂ ಸಿದ್ಧನಾಗಿರಬೇಕು. ಎಲ್ಲರೂ ಉಳಿಯಲೇಬೇಕೆಂಬ ಹಟ ಹಿಡಿದರೆ ಅದು ವಿಶ್ವಾಸವಾಗದೆ ಒತ್ತಾಯವಾಗುತ್ತದೆ.

ಬೇಸರ ತಾಯಿಗೂ ಬಂದಿತ್ತು. ಒಂದು ದಿನ ಹುಡುಗರು ಯುದ್ಧದ ಆಟವಾಡುತ್ತ ಆಕೆ ಕಷ್ಟಪಟ್ಟು ಬೆಳೆಸಿದ ತರಕಾರಿ ತೋಟವನ್ನು ತುಳಿದು ಹಾಳುಮಾಡಿದರು. ಊರಿಗೆ ಹಿಂದಿರುಗುವುದಾಗಿ ಆಕೆ ಮಗನ ಮುಂದೆ ಹೇಳಿಕೊಂಡರು. ಮಗ ವಾದಿಸಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಗೋಡೆಯ ಮೇಲಿದ್ದ ಶಿಲುಬೆಯನ್ನು ಮೌನವಾಗಿ ತೋರಿಸಿದರು. ತಾಯಿಗೆ ಅರ್ಥವಾಯಿತು, ಆಕೆ ಉಳಿದರು, 1856ರ ನವೆಂಬರ್ 25ರಂದು ಕಣ್ಣು ಮುಚ್ಚುವವರೆಗೆ ಆ ಅಡುಗೆಮನೆಯನ್ನು ಬಿಡಲಿಲ್ಲ. ದಣಿದವರಿಗೆ ಹೊಸ ಆಜ್ಞೆ ಬೇಕಾಗಿರುವುದಿಲ್ಲ. ತಾವು ಯಾಕಾಗಿ ಈ ಕೆಲಸಕ್ಕೆ ಕೈ ಹಾಕಿದೆವೆಂಬ ನೆನಪನ್ನು ಯಾರಾದರೂ ಮರಳಿಸಿದರೆ ಸಾಕು.

ಕೆಲಸದ ಘನತೆಯನ್ನೂ ಅವರು ಮರೆಯಲಿಲ್ಲ. ಹುಡುಗರನ್ನು ಕಸುಬು ಕಲಿಯಲು ಕಳುಹಿಸುವಾಗ ಕುಶಲಕರ್ಮಿ ಯಜಮಾನರೊಂದಿಗೆ ಲಿಖಿತ ಕರಾರು ಮಾಡಿಕೊಂಡರು. 1852ರ ಅಂಥ ಒಂದು ಕರಾರಿನಲ್ಲಿ, ಹುಡುಗನನ್ನು ಮಾತಿನಿಂದಷ್ಟೇ ತಿದ್ದಬೇಕು, ಹಬ್ಬದ ದಿನಗಳಲ್ಲಿ ಬಿಡುವು ಕೊಡಬೇಕು, ವರ್ಷಕ್ಕೆ 15 ದಿನ ರಜೆ ಇರಬೇಕು ಎಂಬ ಷರತ್ತುಗಳಿವೆ. 1853ರಿಂದ ವಾಲ್ಡೊಕ್ಕೊದಲ್ಲಿಯೇ ಚಮ್ಮಾರಿಕೆ, ಹೊಲಿಗೆ, ಬಳಿಕ ಪುಸ್ತಕ ಕಟ್ಟುವ ಮತ್ತು ಬಡಗಿ ಕೆಲಸದ ಕಾರ್ಯಾಗಾರಗಳು ಆರಂಭವಾದವು. ಹೊಟ್ಟೆಗೆ ಅನ್ನ, ಮೈಗೆ ವಿಶ್ರಾಂತಿ, ಮನಸ್ಸಿಗೆ ಗೌರವ ಕೊಡದೆ ಅಂತಃಪ್ರೇರಣೆಯ ಉಪದೇಶ ಮಾಡುವುದು ಶೋಷಣೆಯಾದೀತು ಎಂಬುದನ್ನು ಅವರು ಬಲ್ಲವರಾಗಿದ್ದರು.

ಹುಡುಗರ ಕೈಗೆ ಹೊಣೆ

1854ರ ಬೇಸಿಗೆಯಲ್ಲಿ ಟ್ಯೂರಿನ್ ನಗರಕ್ಕೆ ಕಾಲರಾ ಬಂತು. ಮನೆಯವರೇ ರೋಗಿಗಳನ್ನು ಬಿಟ್ಟು ಓಡುತ್ತಿದ್ದ ಕಾಲ. ಡಾನ್ ಬೋಸ್ಕೊ ಹುಡುಗರ ಮುಂದೆ ಸಂಗತಿಯನ್ನು ಇದ್ದಂತೆ ಇಟ್ಟರು; ಬರಬೇಕೆಂದು ಯಾರಿಗೂ ಅಪ್ಪಣೆ ಮಾಡಲಿಲ್ಲ. ಮೊದಲು 14 ಮಂದಿ ಹೆಸರು ಕೊಟ್ಟರು, ಕೆಲವೇ ದಿನಗಳಲ್ಲಿ ಇನ್ನೂ 30 ಮಂದಿ ಸೇರಿಕೊಂಡರು. ಅವರಿಗೆ ರೋಗಿಗಳ ಆರೈಕೆಯ ಕ್ರಮ ತಿಳಿಸಿ, ಕೈ ತೊಳೆದುಕೊಳ್ಳಲು ವಿನಿಗರ್ ಸೀಸೆ ಕೊಟ್ಟು ಕಳುಹಿಸಲಾಯಿತು. ಹೊದಿಸಲು ಬಟ್ಟೆ ಸಾಲದೆ ಬಂದಾಗ ತಾಯಿ ಮಾರ್ಗರೀತಾ ಮನೆಯ ಮೇಜಿನ ಹಾಸನ್ನೂ, ಕೊನೆಗೆ ಬಲಿಪೀಠದ ಹೊದಿಕೆಯನ್ನೂ ಕೊಟ್ಟರು. ಆ ಹುಡುಗರಲ್ಲಿ ಒಬ್ಬನೂ ಕಾಲರಾಕ್ಕೆ ತುತ್ತಾಗಲಿಲ್ಲವೆಂದು ಸಲೇಸಿಯನ್ ಸಭೆಯ ಚರಿತ್ರೆ ಹೇಳುತ್ತದೆ. ನಗರ ಯಾರನ್ನು ಪುಂಡರೆಂದು ಕರೆಯುತ್ತಿತ್ತೋ ಅವರೇ ಅದರ ರೋಗಿಗಳನ್ನು ಹೊತ್ತರು.

ಆ ವರ್ಷದ ಅಕ್ಟೋಬರಿನಲ್ಲಿ ವಾಲ್ಡೊಕ್ಕೊಗೆ ಬಂದವನು ಡೊಮಿನಿಕ್ ಸಾವಿಯೊ. ಸಂತನಾಗಬೇಕೆಂಬ ಹಂಬಲದಿಂದ ಆತ ಕಠಿಣ ತಪಸ್ಸುಗಳನ್ನು ಆರಂಭಿಸಿದಾಗ ಡಾನ್ ಬೋಸ್ಕೊ ತಡೆದರು, ಹಿಂದೆ ಕಲೊಸ್ಸೊ ಗುರುಗಳು ತಮ್ಮನ್ನು ತಡೆದಂತೆ. ಸಂತೋಷದಿಂದಿರುವುದು, ಪಾಠ ಮತ್ತು ಪ್ರಾರ್ಥನೆಯ ಕರ್ತವ್ಯ ನೆರವೇರಿಸುವುದು, ಜೊತೆಗಾರರಿಗೆ ಒಳಿತು ಮಾಡುವುದು, ಇಷ್ಟೇ ಸಾಕೆಂದು ದಾರಿ ತೋರಿಸಿದರು. ಒಳಗಿನ ಬೆಂಕಿಯನ್ನು ಆರಿಸಲಿಲ್ಲ, ಅದಕ್ಕೆ ಒಲೆ ಕಟ್ಟಿದರು. ಸಾವಿಯೊ ಮತ್ತು ಗೆಳೆಯರು 1856ರ ಜೂನ್ 8ರಂದು ಅಮಲೋದ್ಭವ ಮಾತೆಯ ಕೂಟವನ್ನು ಸ್ಥಾಪಿಸಿದರು. ಹೊಸದಾಗಿ ಬಂದ ಹುಡುಗರು, ಒಂಟಿಯಾದವರು, ಹಾದಿ ತಪ್ಪುತ್ತಿರುವವರು, ಇವರನ್ನು ಸ್ನೇಹದಿಂದ ನೋಡಿಕೊಳ್ಳುವ ಹೊಣೆಯನ್ನು ಕೂಟದ ಸದಸ್ಯರು ಹಂಚಿಕೊಂಡರು. ನಿಯಮಗಳನ್ನು ಬರೆದವರು ಹುಡುಗರೇ. ಇಂಥ ಕೂಟಗಳು ಬಾಲಕರದೇ ಕೆಲಸವಾಗಿರಬೇಕು, ಹಿರಿಯರು ಹುರಿದುಂಬಿಸಿ ಹಿಂದೆ ನಿಲ್ಲಬೇಕು ಎಂಬುದು ಡಾನ್ ಬೋಸ್ಕೊ ಅವರ ನಿಲುವಾಗಿತ್ತು. ಸಾವಿಯೊ 1857ರ ಮಾರ್ಚ್ 9ರಂದು, 15 ತುಂಬುವ ಮೊದಲೇ ತೀರಿಕೊಂಡನು. 1954ರಲ್ಲಿ ಧರ್ಮಸಭೆ ಆತನನ್ನು ಸಂತನೆಂದು ಸಾರಿತು.

ಇನ್ನೊಂದು ಘಟನೆ ಸಲೇಸಿಯನ್ ಪರಂಪರೆಯಲ್ಲಿ ಬಹು ಪ್ರಸಿದ್ಧ. 1855ರಲ್ಲಿ ಟ್ಯೂರಿನ್‌ನ ಜೆನರಾಲಾ ಎಂಬ ಬಾಲಾಪರಾಧಿಗಳ ಬಂಧೀಖಾನೆಯಲ್ಲಿ ಡಾನ್ ಬೋಸ್ಕೊ ಧ್ಯಾನಕೂಟ ನಡೆಸಿದರು. ಬಳಿಕ 300ಕ್ಕೂ ಮಿಕ್ಕಿದ ಆ ಹುಡುಗರನ್ನು ಒಂದು ದಿನ ಸ್ತುಪಿನಿಜಿಗೆ ವಿಹಾರಕ್ಕೆ ಕರೆದೊಯ್ಯಲು ಮಂತ್ರಿ ರತ್ತಾಜ್ಜಿ ಅವರ ಅನುಮತಿ ಕೇಳಿದರು. ಕಾವಲು ಭಟರು ಬೇಡವೆಂಬುದು ಅವರ ಷರತ್ತು. ಹುಡುಗರಿಗೆ ಅವರು ಕೇಳಿದ್ದು ಒಂದೇ ಮಾತು: ಎಲ್ಲರೂ ಮರಳಿ ಬರುವೆವೆಂಬ ವಚನ. ದಾರಿಯಲ್ಲಿ ಗುರುಗಳು ದಣಿದುದನ್ನು ಕಂಡು ಹುಡುಗರು ಕತ್ತೆಯ ಮೇಲಿದ್ದ ಊಟದ ಸಾಮಾನನ್ನು ತಾವು ಹೊತ್ತು ಅವರನ್ನು ಅದರ ಮೇಲೆ ಕೂರಿಸಿದರು. ಸಂಜೆ ಎಣಿಸಿದಾಗ ಒಬ್ಬನೂ ಕಡಿಮೆಯಾಗಿರಲಿಲ್ಲ ಎಂದು ಸಭೆಯ ಹಿರಿಯರು ದಾಖಲಿಸಿದ್ದಾರೆ. ಗೋಡೆ ಕಾಯಲಾಗದ ಹುಡುಗರನ್ನು ತಾವೇ ಕೊಟ್ಟ ಮಾತು ಕಾಯ್ದಿತು.

ಒಲ್ಲೆನೆನ್ನುವ ಸ್ವಾತಂತ್ರ್ಯ

ಡಾನ್ ಬೋಸ್ಕೊ ಅವರ ನಾಯಕತ್ವದ ನಿಜವಾದ ಪರೀಕ್ಷೆ 1859ರಲ್ಲಿ ಬಂತು. ತಮ್ಮ ಕೆಲಸ ತಮ್ಮ ನಂತರವೂ ಉಳಿಯಬೇಕಾದರೆ ಒಂದು ಧಾರ್ಮಿಕ ಸಭೆ ಬೇಕೆಂದು ಅವರು ಕಂಡುಕೊಂಡಿದ್ದರು. ಆದರೆ ಅಂದಿನ ಪೀಡ್‌ಮಾಂಟಿನಲ್ಲಿ ಸನ್ಯಾಸಿಗಳೆಂದರೆ ಜನರಿಗೆ ತಾತ್ಸಾರ. 1855ರ ಕಾನೂನಿನಿಂದ ಅನೇಕ ಮಠಗಳು ಮುಚ್ಚಿದ್ದವು. ಡಿಸೆಂಬರ್ ಆರಂಭದಲ್ಲಿ ಅವರು ಆಪ್ತ ತರುಣರನ್ನು ಕರೆದು ತಮ್ಮ ಯೋಜನೆಯನ್ನು ಬಿಚ್ಚಿಟ್ಟರು. ತಕ್ಷಣ ಒಪ್ಪಿಗೆ ಕೇಳಲಿಲ್ಲ. ಯೋಚಿಸಿ, ಪ್ರಾರ್ಥಿಸಿ ನಿರ್ಧರಿಸಲು ಸುಮಾರು ಒಂದು ವಾರದ ಅವಕಾಶ ಕೊಟ್ಟರು. ಬೇಡವೆನ್ನುವವರು ಮುಂದಿನ ಸಭೆಗೆ ಬಾರದೆ ಇರಬಹುದಿತ್ತು. ಯಾರೂ ಅವರನ್ನು ಪ್ರಶ್ನಿಸುವಂತಿರಲಿಲ್ಲ.

ಜೊವಾನ್ನಿ ಕಾಲ್ಯೇರೊ ಎಂಬ 21 ವರ್ಷದ ತರುಣ ಅಂಗಳದಲ್ಲಿ ಬಹಳ ಹೊತ್ತು ಅಡ್ಡಾಡಿದ. ಸನ್ಯಾಸಿಯಾಗುವುದು ಅವನಿಗೆ ಇಷ್ಟವಿರಲಿಲ್ಲ. ಡಾನ್ ಬೋಸ್ಕೊ ಅವರನ್ನು ಬಿಡುವುದು ಅದಕ್ಕಿಂತಲೂ ಕಷ್ಟವಾಗಿತ್ತು. ಸನ್ಯಾಸಿಯಾದರೂ ಸರಿ, ಆಗದಿದ್ದರೂ ಸರಿ, ತಾನು ಇವರೊಂದಿಗೇ ಇರುವೆನೆಂದು ಕೊನೆಗೆ ಗೆಳೆಯನ ಮುಂದೆ ಸಾರಿದ. ಡಿಸೆಂಬರ್ 18ರ ರಾತ್ರಿ ಡಾನ್ ಬೋಸ್ಕೊ ಅವರ ಕೊಠಡಿಯಲ್ಲಿ ಅವರೂ ಸೇರಿ 18 ಮಂದಿ ಕೂಡಿದರು, ಇಬ್ಬರು ಬರಲಿಲ್ಲ. ಹೆಚ್ಚಿನವರು ಹದಿಹರೆಯದವರು ಇಲ್ಲವೇ ಇಪ್ಪತ್ತರ ಆಸುಪಾಸಿನವರು. ಅಂದು ಸಲೇಸಿಯನ್ ಸಭೆ ಜನ್ಮ ತಾಳಿತು. ಡಾನ್ ಬೋಸ್ಕೊ ಅವರು ನಾಯಕರಾಗಬೇಕೆಂದು ಕೇಳಿಕೊಂಡವರು ಅಲ್ಲಿ ನೆರೆದವರೇ. ಸಮಾಲೋಚಕರನ್ನು ಮತದಿಂದ ಆರಿಸಲಾಯಿತು. ಒಲ್ಲೆನೆನ್ನುವ ಸ್ವಾತಂತ್ರ್ಯವಿದ್ದುದರಿಂದಲೇ ಅವರ ಒಪ್ಪಿಗೆಗೆ ಬೆಲೆ ಬಂತು. ಅದೇ ಕಾಲ್ಯೇರೊ 1875ರ ನವೆಂಬರ್ 11ರಂದು ಹತ್ತು ಮಂದಿಯ ಮೊದಲ ತಂಡದ ಮುಂದಾಳಾಗಿ ಅರ್ಜೆಂಟೀನಾಕ್ಕೆ ಹೊರಟರು. ಮುಂದೆ ಸಲೇಸಿಯನ್ ಸಭೆಯ ಮೊದಲ ಬಿಷಪರೂ, 1915ರಲ್ಲಿ ಕಾರ್ಡಿನಲರೂ ಆದರು.

ಇನ್ನೊಬ್ಬರು ಮಿಕೆಲ್ ರುವಾ. ಸಣ್ಣ ಹುಡುಗನಾಗಿದ್ದಾಗ ಡಾನ್ ಬೋಸ್ಕೊ ಇತರರಿಗೆ ಪದಕಗಳನ್ನು ಹಂಚಿ, ಈತನ ಸರದಿ ಬಂದಾಗ ಬರಿಗೈಯನ್ನು ಚಾಚಿ, ಇನ್ನೊಂದು ಕೈಯಿಂದ ಅದನ್ನು ಅರ್ಧಕ್ಕೆ ಕತ್ತರಿಸುವಂತೆ ಅಭಿನಯಿಸಿದ್ದರು. ತಾವಿಬ್ಬರೂ ಎಲ್ಲವನ್ನೂ ಸಮಪಾಲಾಗಿ ಹಂಚಿಕೊಳ್ಳುವೆವೆಂಬ ಅದರ ಅರ್ಥ ರುವಾಗೆ ತಿಳಿದದ್ದು ವರ್ಷಗಳ ನಂತರ. ಪದಕ ಸಿಕ್ಕವರು ಪದಕವನ್ನು ಮನೆಗೆ ಒಯ್ದರು. ಪಾಲು ಸಿಕ್ಕವನು ಜೀವನವನ್ನೇ ಕೊಟ್ಟನು.

1863ರಲ್ಲಿ ಟ್ಯೂರಿನ್ನಿನ ಹೊರಗೆ, ಮಿರಬೆಲ್ಲೊದಲ್ಲಿ, ಮೊದಲ ಸಂಸ್ಥೆಯನ್ನು ತೆರೆದಾಗ 26 ವರ್ಷದ ರುವಾ ಅದರ ಮುಖ್ಯಸ್ಥರಾದರು. ಅವರಿಗೆ ಡಾನ್ ಬೋಸ್ಕೊ ಆಪ್ತವಾದ ಸಲಹೆಗಳನ್ನು ಬರೆದುಕೊಟ್ಟರು. ಭಯ ಹುಟ್ಟಿಸುವುದಕ್ಕಿಂತ ಪ್ರೀತಿ ಗಳಿಸಲು ಯತ್ನಿಸಬೇಕು. ರಾತ್ರಿ ಆರು ಗಂಟೆಗಿಂತ ಕಡಿಮೆ ನಿದ್ರಿಸಬಾರದು. ಶಿಕ್ಷಕರಿಗೆ ಊಟ ಬಟ್ಟೆಗೆ ಕೊರತೆಯಾಗದಂತೆ ನೋಡಿಕೊಳ್ಳಬೇಕು. ಅವರ ಶ್ರಮವನ್ನು ಗಮನಿಸಬೇಕು. ಕಾಯಿಲೆ ಬಿದ್ದರೆ ಬದಲಿ ವ್ಯವಸ್ಥೆ ಮಾಡಬೇಕು. ಆಟದ ವೇಳೆಯನ್ನು ಹುಡುಗರ ನಡುವೆ ಕಳೆಯಬೇಕು. ಇವು ಆ ಸಲಹೆಗಳ ಸಾರ. ತಂಡವನ್ನು ನಡೆಸುವವರೆಲ್ಲರೂ ಇದನ್ನು ಮೇಜಿನ ಮೇಲೆ ಇಟ್ಟುಕೊಳ್ಳಬಹುದು.

ಬಹುಮಾನವೂ ಬೆತ್ತವೂ

1877ರಲ್ಲಿ ಡಾನ್ ಬೋಸ್ಕೊ ತಮ್ಮ ಶಿಕ್ಷಣ ಕ್ರಮವನ್ನು ಒಂದು ಕಿರುಬರಹದಲ್ಲಿ ವಿವರಿಸಿದರು. ತಪ್ಪು ನಡೆದ ಮೇಲೆ ದಂಡಿಸುವುದು ಒಂದು ಕ್ರಮ. ಜೊತೆಗಿದ್ದು ತಪ್ಪು ನಡೆಯದಂತೆ ನೋಡಿಕೊಳ್ಳುವುದು ಇನ್ನೊಂದು. ಎರಡನೆಯದೇ ಅವರದು. ವಿವೇಕ, ಧರ್ಮ ಮತ್ತು ಅಕ್ಕರೆ ಅದರ ಮೂರು ಕಂಬಗಳು. ವಿವೇಕವೆಂದರೆ ನಿಯಮಕ್ಕೆ ಕಾರಣ ತಿಳಿಸುವುದು. ಧರ್ಮವೆಂದರೆ ಕೆಲಸಕ್ಕೆ ನಮಗಿಂತ ದೊಡ್ಡದಾದ ಅರ್ಥ ಕಾಣುವುದು. ಅಕ್ಕರೆಯೆಂದರೆ ಹತ್ತಿರವಿರುವುದು.

ಹಾಗೆಂದು ಅವರ ಅಂಗಳದಲ್ಲಿ ಎಲ್ಲವೂ ನಡೆಯುತ್ತಿತ್ತೆಂದು ಭಾವಿಸಬಾರದು. ಇತರರನ್ನು ಕೆಡಿಸುವವರನ್ನು ಅವರು ಹೊರಗೆ ಕಳುಹಿಸಿದ್ದುಂಟು. ಬಹುಮಾನಗಳೂ ಇದ್ದವು, ಆದರೆ ಒಳ್ಳೆಯ ನಡತೆಯ ಬಹುಮಾನ ಯಾರಿಗೆ ಸಲ್ಲಬೇಕೆಂಬುದನ್ನು ಗೆಳೆಯರೇ ಮತ ಹಾಕಿ ನಿರ್ಧರಿಸುತ್ತಿದ್ದರು. ಸಿಹಿತಿಂಡಿ, ಸಂಗೀತ, ನಾಟಕ, ಶರತ್ಕಾಲದ ಪ್ರವಾಸ ಎಲ್ಲವೂ ಇದ್ದವು. ಅವು ಸಂಭ್ರಮದ ಹಂಚಿಕೆಯಾಗಿದ್ದವು, ಕೆಲಸದ ಕೂಲಿಯಾಗಿರಲಿಲ್ಲ. ಈ ವ್ಯತ್ಯಾಸವನ್ನು ಮನಶ್ಶಾಸ್ತ್ರವೂ ಮುಂದೆ ಗುರುತಿಸಿತು. 1971ರಲ್ಲಿ ಅಮೆರಿಕದ ಎಡ್ವರ್ಡ್ ಡೆಸಿ ಪ್ರಕಟಿಸಿದ ಪ್ರಯೋಗದಲ್ಲಿ, ಒಗಟು ಬಿಡಿಸುವುದಕ್ಕೆ ಹಣ ಪಡೆದ ವಿದ್ಯಾರ್ಥಿಗಳ ಆಸಕ್ತಿ, ಹಣ ನಿಂತ ಮೇಲೆ ಕುಗ್ಗಿದ್ದು ಕಂಡುಬಂತು. ಅವರೂ ರಿಚರ್ಡ್ ರಯಾನ್ ಎಂಬವರೂ ಸೇರಿ ಬೆಳೆಸಿದ ಸಿದ್ಧಾಂತದಂತೆ, ತಾನೇ ಆರಿಸಿಕೊಂಡೆನೆಂಬ ಭಾವ, ತನ್ನಿಂದ ಆಗುತ್ತದೆಂಬ ಧೈರ್ಯ, ತನ್ನವರಿದ್ದಾರೆಂಬ ನೆಮ್ಮದಿ, ಈ ಮೂರು ಅಂತಃಪ್ರೇರಣೆಯನ್ನು ಪೋಷಿಸುತ್ತವೆ. ವಾಲ್ಡೊಕ್ಕೊದ ಅಂಗಳದಲ್ಲಿ ಈ ಮೂರೂ ಒಟ್ಟಿಗೆ ಇದ್ದವು.

ಆದರೆ ಇಂಥ ಅಂಗಳವೂ ಬಾಡಬಹುದು. 1884ರ ಮೇ 10ರಂದು ರೋಮಿನಿಂದ ಬರೆದ ಪತ್ರದಲ್ಲಿ ಡಾನ್ ಬೋಸ್ಕೊ ತಾವು ಕಂಡ ಕನಸನ್ನು ನೋವಿನಿಂದ ವಿವರಿಸಿದರು. ಹಿಂದಿನ ಅಂಗಳದಲ್ಲಿ ಹಿರಿಯರೂ ಕಿರಿಯರೂ ಕೂಡಿ ಆಡುತ್ತಿದ್ದರು. ಈಗಿನ ಅಂಗಳದಲ್ಲಿ ಹುಡುಗರು ಮಂಕಾಗಿ ನಿಂತಿದ್ದರು. ಹಿರಿಯರು ತಮ್ಮತಮ್ಮಲ್ಲೇ ಮಾತಾಡುತ್ತ ದೂರದಲ್ಲಿದ್ದರು, ಇಲ್ಲವೇ ಬರೇ ಕಾವಲು ಕಾಯುತ್ತಿದ್ದರು. ಹಿರಿಯರು ಹುಡುಗರಿಗಾಗಿ ದುಡಿಯುತ್ತಲೇ ಇದ್ದರು. ಆ ಪ್ರೀತಿ ಹುಡುಗರ ಅರಿವಿಗೆ ಬರುತ್ತಿರಲಿಲ್ಲ. ಸ್ನೇಹದ ಜಾಗಕ್ಕೆ ನಿಯಮ ಬಂದು ಕುಳಿತಿತ್ತು. ತಾವೇ ಕಟ್ಟಿದ ಮನೆಯಲ್ಲಿ ಈ ಕೊರತೆಯನ್ನು ಕಂಡು, ಅದನ್ನು ಮುಚ್ಚಿಡದೆ ಹೇಳಿದ್ದು ಆ ವೃದ್ಧ ನಾಯಕರ ದೊಡ್ಡತನ.

ಉಳಿದ ಬಳಗ

1888ರ ಜನವರಿ 31ರ ಬೆಳಗಿನ ಜಾವ ಅವರು ದೇವರ ಪಾದ ಸೇರಿದರು. ಆಗ ಸಲೇಸಿಯನ್ನರ ಸಂಖ್ಯೆ 700ಕ್ಕಿಂತ ಹೆಚ್ಚಿತ್ತು. ಸಂಸ್ಥಾಪಕರ ನಂತರ ಸಭೆ ಚದುರೀತೆಂದು ಅಂಜಿದವರಿದ್ದರು. ಸಮಪಾಲಿನ ರುವಾ 1910ರವರೆಗೆ ಅದನ್ನು ನಡೆಸಿದರು. ಅವರು ತೀರಿಕೊಂಡಾಗ ಆ ಸಂಖ್ಯೆ ಸುಮಾರು 4,000ಕ್ಕೆ ಏರಿತ್ತು. ನಾಯಕನಿಲ್ಲದಾಗಲೂ ನಡೆಯುವ ಕೆಲಸವೇ ಅಂತಃಪ್ರೇರಣೆಯ ಸಾಕ್ಷಿ. 1934ರ ಏಪ್ರಿಲ್ 1ರ ಪಾಸ್ಕ ಭಾನುವಾರ ಜಗದ್ಗುರು 11ನೇ ಪಿಯುಸ್ ಅವರು ಡಾನ್ ಬೋಸ್ಕೊ ಅವರನ್ನು ಸಂತರ ಸಾಲಿಗೆ ಸೇರಿಸಿದರು.

ಸಲೇಸಿಯನ್ನರು 1906ರಲ್ಲಿ ಭಾರತಕ್ಕೆ, ತಂಜಾವೂರಿಗೆ ಬಂದರು. ನಮ್ಮ ರಾಜಧಾನಿಯಲ್ಲಿ 1980ರ ದಶಕದಿಂದ ಬೀದಿ ಮಕ್ಕಳ ನಡುವೆ ಕೆಲಸ ಮಾಡುತ್ತ ಬಂದಿರುವ ಬೆಂಗಳೂರು ಓಣಿಯವರ ಸೇವಾ ಕೂಟ ಅವರ ಬಳಗದ್ದೇ. ಆ ಹೆಸರಿನ ಮೊದಲಕ್ಷರಗಳನ್ನು ಇಂಗ್ಲಿಷಿನಲ್ಲಿ ಕೂಡಿಸಿದರೆ ಬೋಸ್ಕೊ ಎಂದಾಗುತ್ತದೆ. ಸಿಳ್ಳೆಯ ಪ್ರಶ್ನೆಯನ್ನು ಇಂದು ರೈಲು ನಿಲ್ದಾಣದಲ್ಲಿ ಕೇಳುವವರು ಇದ್ದಾರೆಂಬುದು ನಮಗೆ ಸಮಾಧಾನ.

ಪ್ರಿಯ ಓದುಗರೇ, ಈ ಬಾಳಿನಿಂದ ನಮ್ಮ ಮನೆ ಮತ್ತು ಧರ್ಮಕೇಂದ್ರಗಳಿಗೆ ಒಯ್ಯಬಹುದಾದ ಸಂಗತಿಗಳು ಸರಳವಾಗಿವೆ. ಯುವಕರ ಸಂಘಕ್ಕೆ ಕುರ್ಚಿ ಹಾಕುವ ಕೆಲಸವನ್ನಷ್ಟೇ ಕೊಟ್ಟು, ನಿರ್ಧಾರಗಳನ್ನೆಲ್ಲ ನಾವೇ ಕೈಗೊಂಡರೆ ಅವರು ಬರುವುದನ್ನು ನಿಲ್ಲಿಸುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ. ಹಬ್ಬದ ಒಂದು ಭಾಗವನ್ನು ಪೂರ್ತಿಯಾಗಿ ಅವರ ಕೈಗೆ ಒಪ್ಪಿಸೋಣ; ಏರುಪೇರಾದರೆ ಜೊತೆಗೆ ನಿಲ್ಲೋಣ. ಓದಿಗೆ ಸೈಕಲ್ಲು, ಜಪಮಾಲೆಗೆ ಚಾಕಲೇಟು ಎಂಬ ವ್ಯಾಪಾರವನ್ನು ಕಡಿಮೆ ಮಾಡಿ, ಮಕ್ಕಳು ಕೇಳುವ ಯಾಕೆ ಎಂಬ ಪ್ರಶ್ನೆಗೆ ತಾಳ್ಮೆಯಿಂದ ಉತ್ತರಿಸೋಣ. ಕೈಕೆಳಗೆ ದುಡಿಯುವವರ ಊಟ, ನಿದ್ದೆ, ಕಾಯಿಲೆಗಳನ್ನು ವಿಚಾರಿಸೋಣ. ಎಲ್ಲಕ್ಕೂ ಮೊದಲು, ನಾವು ದೂರದಲ್ಲಿ ನಿಂತು ಕಾವಲು ಕಾಯುತ್ತಿದ್ದೇವೋ, ಅಂಗಳಕ್ಕೆ ಇಳಿದು ಅವರ ನಡುವೆ ಇದ್ದೇವೋ ಎಂಬುದನ್ನು ನೋಡಿಕೊಳ್ಳೋಣ. ಈ ಹಬ್ಬದ ದಿನ ಸಂತ ಜಾನ್ ಬೋಸ್ಕೊ ಅವರು ನಮ್ಮ ಕುಟುಂಬಗಳಿಗಾಗಿಯೂ, ನಮ್ಮನ್ನು ನಂಬಿರುವ ಕಿರಿಯರಿಗಾಗಿಯೂ ಪ್ರಾರ್ಥಿಸಲಿ.